ಹಳೇ ಅಚ್ಚಿನ ಲಗ್ನಪತ್ರಿಕೆ

ನಾನು ಸತ್ತ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಲೋಕಿಕೆರೆಯ ನಮ್ಮ ಸೋದರತ್ತೆ. ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೋಗಿ ಬಾಗಿಲು ತೆಗೆದೆ. ಎದುರಿಗೆ ಅತ್ತೆ, ಕೈಯಲ್ಲಿ ಬಾಳೆಲೆ ಸುತ್ತಿದ ದೊಡ್ಡ ಹೂವಿನ ಹಾರ. ನನ್ನನ್ನು ನೋಡಿದ್ದೇ "ಯವ್ವಾ!" ಎಂದು ಚೀರಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಏನಾತು ಅತ್ತೆ? ಯಾರು ಹೋದ್ರು?"

"ನೀನೇ ಹೋಗಿದ್ದೆಲ್ಲೇ ನನ್ನ ಕೂಸೇ!"

ನನ್ನ ಕೆನ್ನೆ, ತೋಳು, ಜಡೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಎದ್ದು ಕಣ್ಣೊರೆಸಿಕೊಂಡು, "ಕಾಗೆ ಮುಟ್ಟಿತ್ತೇನೇ? ಅದಕ್ಕೆ ಸುಳ್ಳು ಸುದ್ದಿ ಕಳಿಸಿದ್ರಾ?" ಎಂದು ಕೇಳಿದಳು. ಕಾಗೆ ತಲೆ ಮುಟ್ಟಿದರೆ ಸತ್ತರೆಂದು ನೆಂಟರಿಗೆ ಸುಳ್ಳು ಹೇಳಿ ಅಳಿಸುವ ರೂಢಿ ನಮ್ಮ ಕಡೆ ಇದೆ. ಅವರು ಅತ್ತರೆ ದೋಷ ಕಳೆದು ಆಯಸ್ಸು ಗಟ್ಟಿಯಾಗುತ್ತದಂತೆ. ನನಗೆ ಯಾವ ಕಾಗೆಯೂ ಮುಟ್ಟಿರಲಿಲ್ಲ. ಅತ್ತೆಯ ಕೈಯಿಂದ ಫೋನ್ ಕಸಿದುಕೊಂಡು ನೋಡಿದೆ.

ವಾಟ್ಸಾಪಿನಲ್ಲಿ ಲಿಂಕಿನ ಜೊತೆ ತಾನಾಗಿ ಮೂಡುವ ಪೆಟ್ಟಿಗೆಯಲ್ಲಿ ನಿಶ್ಚಿತಾರ್ಥದ ಹಸಿರು ಸೀರೆ ಉಟ್ಟ ನನ್ನ ಫೋಟೋ. ಅದರ ಕೆಳಗೆ: "ಶಿವಗಣಾರಾಧನೆ. ನಮ್ಮ ಮನೆಯ ದೀಪ ಅಂಕಿತಾ ಶಿವನ ಪಾದ ಸೇರಿದ್ದಾಳೆ. ತಾವು ಬಂದು ಪ್ರಸಾದ ಸ್ವೀಕರಿಸಿ." ಅದರ ಕೆಳಗೆ ಲಿಂಕ್. ಕಳಿಸಿದವರು ಹಡೆದ ಅಪ್ಪ.

"ಇದನ್ನ ಒತ್ತಿ ನೋಡಬಾರದಿತ್ತಾ? ಒಳಗೆ ನನ್ನ ಲಗ್ನಪತ್ರಿಕೆ ಐತೆ!"

"ಒತ್ತಬ್ಯಾಡ್ರಿ ಒತ್ತಬ್ಯಾಡ್ರಿ ಅಂತ ಟೀವಿಯಾಗೆ ದಿನಾ ಬಡ್ಕೋತಾರೆ. ಲಗ್ನಪತ್ರಿಕೆ ಅಂತ ಒತ್ತಿದವರ ಬ್ಯಾಂಕೆಲ್ಲಾ ಬರಿದಾಗೈತಂತೆ. ನಾನ್ಯಾಕೆ ಒತ್ಲಿ?"

ಒತ್ತದವಳು ಅತ್ತೆ ಒಬ್ಬಳೇ ಅಲ್ಲ. ಯಾರೂ ಒತ್ತಿರಲಿಲ್ಲ. ಪೆಟ್ಟಿಗೆಯ ಸಾಲು ಓದಿ, ಅಯ್ಯೋ ಎಂದು, ಇನ್ನೊಬ್ಬರಿಗೆ ದಾಟಿಸಿದ್ದರು, ಅಷ್ಟೇ. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಅಪ್ಪ ಪಂಚಾಕ್ಷರಪ್ಪ ಹಿಂದಿನ ಸಂಜೆ ಗಿರಾಕಿಗಳ ನಡುವೆ ಕೂತು, ಕನ್ನಡಕ ಹಾಕಿಕೊಳ್ಳದೆ, "ಫೋಟೋ ಚಲೋ ಬಂದೈತೆ" ಎಂದು ಖುಷಿಪಟ್ಟು ಊರಿಗೆಲ್ಲ ಕಳಿಸಿದ್ದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದೆ. ಹಾರ ನೋಡಿ ಮೂಲೆಯಲ್ಲಿ ಗೋಡೆಗೆ ತಲೆ ಆನಿಸಿ ನಿಂತಿದ್ದರು. ಬೈಯಲು ಆಗಲಿಲ್ಲ.

ಆ ಸಾಲನ್ನು ನಾನು ಗುರುತಿಸಿದ್ದೆ. ಗುರುತಿಸದೆ ಏನು, ಅದನ್ನು ಟೈಪ್ ಮಾಡಿದವಳೇ ನಾನು.

ವಿದ್ಯಾನಗರದಲ್ಲಿ ಆಮಂತ್ರಣದ ವೆಬ್ ಪುಟಗಳನ್ನು ಮಾಡಿಕೊಡುವ ಸಣ್ಣ ಆಫೀಸಿದೆ. ನೌಮಾನ್ ಅಲ್ಲಿ ಕೋಡ್ ಬರೆಯುತ್ತಾನೆ, ನಾನು ಮುಂದಿನ ಟೇಬಲ್ಲಿನಲ್ಲಿ ಕೂತು ಬಂದವರ ಮ್ಯಾಟರ್ ಬರೆದುಕೊಳ್ಳುತ್ತೇನೆ. ಹೋದ ವರ್ಷ ಹರಿಹರದಿಂದ ನಿರ್ಮಲಮ್ಮ ಎಂಬವರು ಬಂದಿದ್ದರು. ಹಿರಿಯ ಸೊಸೆ ಕೀರ್ತನಾ ಮದುವೆಯಾಗಿ ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ಶಿವಗಣಾರಾಧನೆಯ ಕರೆ ದೂರದ ನೆಂಟರಿಗೆ ಬೇಗ ಮುಟ್ಟಬೇಕಿತ್ತು. "ನಮ್ಮ ಮನೆಯ ದೀಪ ಅಂತ ಹಾಕವ್ವ" ಎಂದರು. ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ನೀರು ಕೊಟ್ಟೆ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಆರು ತಿಂಗಳಾದ ಮೇಲೆ ಅದೇ ನಿರ್ಮಲಮ್ಮ ನಮ್ಮ ಮನೆಗೆ ಬಂದು, "ಕಿರಿಮಗ ಬಸವಪ್ರಭುಗೆ ನಿಮ್ಮ ಹುಡುಗಿ ಕೊಡ್ರಿ" ಎಂದು ಕೇಳಿದರು. ಹರಿಹರದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅವನದು. ಮೆಲ್ಲಗೆ ಮಾತಾಡುವವನು, ನಾನು ಜಗಳ ತೆಗೆದರೆ ನಗುವವನು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಈ ಮದುವೆ ಬೇಕಾಗಿತ್ತು. ತುಂಬಾ ಬೇಕಾಗಿತ್ತು.

ಲಗ್ನಪತ್ರಿಕೆಯ ಪುಟ ನೌಮಾನನ ಉಡುಗೊರೆ. ಆಫೀಸಿನಲ್ಲಿ ಮದುವೆಯ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿನವು. ಸ್ವಾಮಿಗಳ ಸಾನ್ನಿಧ್ಯ, ಪ್ರಸಾದದ ಹೊತ್ತು, ಎರಡೂ ಮನೆಯ ಹಿರಿಯರ ಹೆಸರು ಎಲ್ಲ ಕನ್ನಡದಲ್ಲೇ ಬರಬೇಕೆಂದು ಹಟ ಹಿಡಿದವಳು ನಾನು. ಇವೆಲ್ಲ ಸರಿಯಾಗಿ ಕೂತಿದ್ದ ಕನ್ನಡದ ಪುಟ ಆಫೀಸಿನಲ್ಲಿ ಒಂದೇ ಇತ್ತು, ಕೀರ್ತನಾಳದ್ದು. ನೌಮಾನ್ ಅದನ್ನೇ ತಿದ್ದಿ ನನ್ನ ಪತ್ರಿಕೆ ಮಾಡಿದ್ದ. ಮದುವೆಗಾಗಲಿ ಸಾವಿಗಾಗಲಿ, ನಮ್ಮ ಜನ ಕರೆಯುವ ಕ್ರಮ ಹೆಚ್ಚುಕಡಿಮೆ ಒಂದೇ ತಾನೆ.

ನಾನು ಆಫೀಸಿಗೆ ಓಡಿದಾಗ ನೌಮಾನ್ ಮುಖ ಬಿಳಿಚಿಕೊಂಡು ಕೂತಿದ್ದ.

"ಟೆಂಪ್ಲೇಟ್ ಅಂದ್ರೆ ಚಕ್ಕುಲಿ ಒರಳಿದ್ದಂಗೆ ಅಕ್ಕಾ. ಹಿಟ್ಟು ಬದಲಾದ್ರೂ ಬಿಲ್ಲೆ ಅದೇ. ಬಣ್ಣ ಬದಲಿಸಿದೆ, ಫೋಟೋ ಬದಲಿಸಿದೆ, ಕಾಣೋ ಭಾಗ ಒಂದೊಂದೂ ಬದಲಿಸಿದೆ. ಈ ಸಾಲು ಮಾತ್ರ ಪುಟದ ಮೇಲೆ ಕಾಣಲ್ಲ. ಎಲ್ಲ ಪುಟಕ್ಕೂ ತಾಯಿ ಆಗಿರೋ ಫೈಲಿನ ತಲೆಭಾಗದಾಗೆ ಕೂತಿರ್ತೈತೆ. ಲಿಂಕ್ ಕಳಿಸಿದಾಗ ವಾಟ್ಸಾಪು ಅದನ್ನ ಓದಿ ಪೆಟ್ಟಿಗೆ ಕಟ್ಟುತ್ತೆ. ಹೆಸರಿನ ಜಾಗಕ್ಕೆ ಹೆಸರು ತಾನೇ ಬಂದು ಕೂತ್ಕೊಂತು."

"ನೀನು ನೋಡ್ಲಿಲ್ವಾ?"

"ಹತ್ತು ಸಲ ನೋಡ್ದೆ. ಬ್ರೌಸರಿನಾಗೆ ನೋಡ್ದೆ. ವಾಟ್ಸಾಪಿನಾಗೆ ಕಳಿಸಿ ನೋಡ್ಲಿಲ್ಲ."

ಅವನಿಗೆ ಕೆಟ್ಟದಾಗಿ ಬೈದೆ. ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಯುತ್ತಿರುವಾಗಲೇ ಅವನ ಬೆರಳು ಆ ಸಾಲನ್ನು ತಿದ್ದಿ ಮುಗಿಸಿತ್ತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ಎಷ್ಟು ಸಣ್ಣ ಕೆಲಸ!

"ಹಂಗಾದ್ರೆ ಈಗ ಎಲ್ಲರ ಫೋನಿನಾಗೂ ಸರಿ ಆಗ್ತೈತಲ್ಲ?"

"ಇಲ್ಲ ಅಕ್ಕಾ. ಇನ್ನು ಮುಂದೆ ಕಳಿಸಿದ್ದು ಸರಿ ಹೋಗ್ತೈತೆ. ಹೋಗಿದ್ದು ಹೋತು. ಅವರ ಫೋನಿನಾಗಿರೋದು ನನ್ನ ಕೈಯಾಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳಿಲ್ಲ. ಅಪ್ಪ ತಾವು ಕಳಿಸಿದ್ದನ್ನೆಲ್ಲ ಅಳಿಸಿದರು. ಬೇರೆಯವರು ದಾಟಿಸಿದ್ದು ಹಾಗೇ ಉಳಿಯಿತು. ಅಳಿಸಿದ್ದು ಕಂಡವರಂತೂ ಏನೋ ಮುಚ್ಚಿಡುತ್ತಿದ್ದಾರೆ, ಹುಡುಗಿ ಏನು ಮಾಡಿಕೊಂಡಳೋ ಎಂದು ಆಡಿಕೊಂಡರು. ತಿದ್ದಿದ ಪತ್ರಿಕೆ ಕಳಿಸಿದೆವು. "ಮಗಳು ಹೋದ ದುಃಖದಾಗೆ ಇನ್ಯಾರ ಮದುವೆ ಇಟ್ಕೊಂಡ್ರಿ?" ಎಂದು ಒಬ್ಬರು ಕೇಳಿದರು. ನಾನೇ ಫೋನ್ ಮಾಡಿ ಬದುಕಿದ್ದೇನೆ ಎಂದರೆ ಒಬ್ಬ ಮುದುಕ, "ನೀನ್ಯಾರವ್ವ ಹಂಗೆ ಹೇಳಾಕೆ?" ಎಂದು ಗದರಿಸಿದ. ಯಾರಿಗೆ ಹೇಳುವುದು, ಏನೆಂದು ಹೇಳುವುದು! ನಮ್ಮ ತಲೆಬಿಸಿ ದೇವರಿಗೇ ಪ್ರೀತಿ.

ಇಷ್ಟು ಜನ ಫೋನ್ ಮಾಡಿದರು, ಹರಿಹರದಿಂದ ಮಾತ್ರ ಫೋನಿಲ್ಲ. ಅಪ್ಪ ಮಾಡಿದರೆ ಬಸವಪ್ರಭು ಎತ್ತಿ, "ಗೊತ್ತಾತ್ರಿ, ಆರಾಮ ಅದಾರಂತ ಗೊತ್ತಾತು" ಎಂದಷ್ಟೇ ಹೇಳಿ ಇಟ್ಟ. ಮಾರನೇ ದಿನವೂ ಅಷ್ಟೇ. ಹಿರಿಯರನ್ನು ಕರೆದುಕೊಂಡು ಹೋಗೋಣ ಎಂದಳು ಅಮ್ಮ.

"ಹಿರಿಯರು ಹೋಗಿ ಏನು ಹೇಳ್ತಾರೆ? ನಮ್ಮ ಹುಡುಗಿ ಸತ್ತಿಲ್ಲ ಅಂತ ಸಾಕ್ಷಿ ಹೇಳ್ತಾರಾ? ನಾನೇ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿ ಹರಿಹರದ ಬಸ್ಸು ಹತ್ತಿದೆ.

ನಿರ್ಮಲಮ್ಮ ಬಾಗಿಲಲ್ಲೇ ಅಪ್ಪಿಕೊಂಡರು. ಒಳಗೆ ಕೂರಿಸಿ ತಲೆ ಸವರಿದರು, ಉಪ್ಪಿಟ್ಟು ತಂದು ಕೈಯಾರೆ ತಿನ್ನಿಸಿದರು. ಗೋಡೆಯ ಮೇಲೆ ಕೀರ್ತನಾಳ ಫೋಟೋ ಇತ್ತು. ಬಸವಪ್ರಭು ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದ. ಎಲ್ಲ ಸರಿಹೋಯಿತು ಎಂದು ನನಗೆ ಒಳಗೊಳಗೇ ಆಸೆ ಹುಟ್ಟಿತು.

"ಅಮ್ಮಾ, ಅದು ಟೆಂಪ್ಲೇಟಿಂದು" ಎಂದು ಶುರು ಮಾಡಿದೆ.

"ಗೊತ್ತೈತವ್ವ. ಆ ಹುಡುಗ ನೌಮಾನ್ ಫೋನ್ ಮಾಡಿ ಅತ್ತ. ಯಾರದೂ ತಪ್ಪಲ್ಲ. ಆದ್ರೆ ಆ ಮಾತು ನಾನೇ ಬರೆಸಿದ್ದಲ್ಲೇನು? ಕೀರ್ತನಾ ಅಂತ ಇದ್ದ ಜಾಗದಾಗೆ ನಿನ್ನ ಹೆಸರು ಕಂಡೆ. ನಿನಗೋಸ್ಕರ ಎದೆ ಬಡ್ಕೊಂಡು ಅತ್ತೀನಿ, ತಾಯಿ. ಇದೇ ನೆಲದ ಮೇಲೆ ಹೊರಳಾಡಿ ಅತ್ತೀನಿ."

"ನಾನು ಬದುಕೀನಲ್ಲಾ? ನಮ್ಮ ಸೋದರತ್ತೆ ಹೇಳ್ತಾಳೆ, ಹಂಗೆ ಅತ್ತರೆ ಆಯಸ್ಸು ಗಟ್ಟಿ ಅಂತ."

"ಗಟ್ಟಿ ಆಗ್ಲಿ. ಆದ್ರೆ ಹಂಗೆ ಅತ್ತ ಮೇಲೆ ಇದೇ ಕೈಯಾಗೆ ನಿನ್ನ ತಲೆ ಮೇಲೆ ಅಕ್ಕಿಕಾಳು ಹಾಕು ಅಂದ್ರೆ ಹೆಂಗೆ ಹಾಕ್ಲಿ? ಕೈ ಏಳಲ್ಲ."

"ನಮ್ಮಲ್ಲಿ ಶಕುನ ಇಲ್ಲ, ಸೂತಕ ಇಲ್ಲ ಅಂತ ಶರಣರು ಹೇಳ್ಯಾರಲ್ರಿ ಅಮ್ಮಾ!"

"ಹೇಳ್ಯಾರೆ. ಅವರಿಗೆ ಧೈರ್ಯ ಇತ್ತು."

ಬೈದರೆ ತಿರುಗಿ ಬೈಯಬಹುದಿತ್ತು, ವರದಕ್ಷಿಣೆ ಕೇಳಿದರೆ ಮುಖಕ್ಕೆ ಉಗಿದು ಎದ್ದು ಬರಬಹುದಿತ್ತು. ಇಷ್ಟು ಪ್ರೀತಿಯಿಂದ ತುತ್ತು ತಿನ್ನಿಸುತ್ತಾ ಬೇಡ ಎನ್ನುವವರನ್ನು ಏನು ಮಾಡುವುದು? ಬಗ್ಗಿ ಕಾಲು ಹಿಡಿದೆ. ಅವರು ನನ್ನನ್ನು ಎತ್ತಿ, ಹಣೆಗೆ ಕುಂಕುಮ ಹಚ್ಚಿ, "ನೂರು ವರ್ಷ ಬಾಳು ತಾಯಿ. ನಮ್ಮ ಮನ್ಯಾಗೆ ಮಾತ್ರ ಬ್ಯಾಡ" ಎಂದರು.

ಬಸವಪ್ರಭುವಿನ ಕಡೆ ತಿರುಗಿದೆ. "ನೀವು ಏನಂತೀರಿ?"

"ಅವ್ವ ಎರಡು ದಿನದಿಂದ ಒಂದು ತುತ್ತು ಉಂಡಿಲ್ಲ" ಎಂದ.

"ನಾನು ಅದನ್ನ ಕೇಳ್ಲಿಲ್ಲ."

ಅವನು ಎದ್ದು ಬೈಕಿನ ಕೀ ತೆಗೆದುಕೊಂಡ. ಕಣ್ಣು ಕೆಂಪಗಾಗಿದ್ದವು. ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತಾ ಕೂತಿದ್ದೆ. ಈ ಬೆನ್ನಿಗೆ ಒಂದು ಗುದ್ದು ಗುದ್ದಲೇ, ಒರಗಿಕೊಂಡು ಅಳಲೇ ಎಂದು ತಿಳಿಯಲಿಲ್ಲ. ಬಸ್ಸು ಹತ್ತುವಾಗ, "ಮನೆ ಮುಟ್ಟಿದ ಮೇಲೆ ಒಂದು ಫೋನ್ ಮಾಡ್ರಿ. ಅವ್ವ ಕಾಯ್ತಿರ್ತಾಳೆ" ಎಂದ.

ಮಾಡಬಾರದು ಎಂದುಕೊಂಡೆ. ದಾವಣಗೆರೆ ಮುಟ್ಟಿದೆ, ಮುಖ ತೊಳೆದೆ, ಕೋಣೆಗೆ ಹೋಗಿ ಕೂತೆ. ಆ ಹೆಂಗಸು ಹಸಿದು ಕೂತಿರುತ್ತಾಳಲ್ಲ ಎಂದು ಮನಸ್ಸು ತಡೆಯಲಿಲ್ಲ. ಅವನ ನಂಬರಿಗೆ ಮಾಡಿದೆ. ಎತ್ತಿದ್ದು ನಿರ್ಮಲಮ್ಮ.

"ಮುಟ್ಟಿದ್ಯಾ ತಾಯಿ?"

"ಮುಟ್ಟಿದೆ ಅಮ್ಮಾ."

"ಆತು, ಆತು" ಎಂದರು. ಒಳಗಿನಿಂದ ಬಸವಪ್ರಭುವಿನ ದನಿ ಕೇಳಿತು, "ಮುಟ್ಟಿದ್ರಂತಾ?" ನಿರ್ಮಲಮ್ಮ ಫೋನನ್ನು ಎಲ್ಲೋ ಇಟ್ಟರು, ಕಟ್ ಮಾಡಲು ಮರೆತಿದ್ದರು.

"ಹೂಂ, ಆರಾಮ ಮುಟ್ಯಾಳಂತೆ. ಏಳು, ಕೈ ತೊಳ್ಕ. ಇಬ್ರೂ ಉಣ್ಣಾನ."

ತಾಟು ಇಡುವ ಸಪ್ಪಳ ಕೇಳಿತು. ಕುರ್ಚಿ ಎಳೆದು ಅವನು ಊಟಕ್ಕೆ ಬಂದು ಕೂತದ್ದು ಕೇಳಿತು. ಫೋನನ್ನು ನಾನೇ ಕಟ್ ಮಾಡಿದೆ.