ಎಡಬದಿಯ ಸ್ಟಿಕ್ಕರ್

ಬಿಸಿಗಾಳಿ ಮಣಿಕಟ್ಟಿಗೆ ತಾಗಿ ಆಚೆ ಸರಿಯಿತು, ಕೂದಲು ಸುಟ್ಟಂಥ ಸಣ್ಣ ವಾಸನೆ, ತನ್ನದೇ ಕೂದಲಿನದಿರಬೇಕು, ತನ್ನ ಬಚ್ಚಲುಮನೆಯ ಗುಲಾಬಿ ಬಣ್ಣದ ಹೇರ್ ಡ್ರೈಯರು ಲೊವೆಲ್‌ನ ದಪ್ಪ ಕೈಯಲ್ಲಿ ಆಟಿಕೆಯ ಹಾಗಿದೆ, ನಿನ್ನೆ ಫೋನಿನಲ್ಲಿ ಕೇಳಿದ್ದ, ಆರ್ಡಿತ್, ನಾಳೆ ಬರೋವಾಗ ತಲೆ ಒಣಗಿಸೋ ಮಷೀನ್ ತಗೊಂಡ್ಬರ್ತೀರಾ, ಯಾಕೆ ಅಂತ ಇವಳು ಕೇಳಲಿಲ್ಲ, ಕೇಳಿದ್ದರೆ ಈ ಹಳೇ ಟ್ರ್ಯಾಕ್ಟರುಗಳ ಮೇಳದ ಮೈದಾನಕ್ಕೆ ಬರುತ್ತಲೇ ಇರಲಿಲ್ಲವೇನೋ — ಈಗ ಬಂದಾಗಿದೆ, ಮೇಪಲ್ ಮರದ ನೆರಳಲ್ಲಿ ಗಂಡ ಮೆರ್ಲ್‌ನ ಕೆಂಪು ಟ್ರ್ಯಾಕ್ಟರು ನಿಂತಿದೆ, ಮೆರ್ಲ್ ಇಲ್ಲ, ಜನವರಿಯಲ್ಲೇ ತೀರಿಹೋದ, ಸೀಟಿನ ಮೇಲೆ ಅವನ ಟೋಪಿ ಇಟ್ಟಿದ್ದಾರೆ, ಯಾರಿಟ್ಟರೋ. ಟ್ರ್ಯಾಕ್ಟರಿಗೆ ತಲೆಸ್ನಾನ ಆಯ್ತೇನಪ್ಪ ಲೊವೆಲ್, ಕೂದಲು ಸುತ್ತೋ ಕರ್ಲರ್ ಹಾಕ್ತೀಯಾ, ಇದೆ ನನ್ಹತ್ರ, ಅಂತ ಮಡಚುವ ಕುರ್ಚಿಯಲ್ಲಿ ಕೂತ ವರ್ನಾ ನಗುತ್ತಾಳೆ, ಮೆರ್ಲ್‌ನ ಅಕ್ಕ, ಎಪ್ಪತ್ತೊಂದು ವರ್ಷ, ತೊಡೆಯ ಮೇಲೆ ಆಲೂಗಡ್ಡೆ ಸಲಾಡಿನ ಡಬ್ಬಿ, ಅಕ್ಕತಂಗಿಯರಿಲ್ಲದ ತನಗೆ, ಮಕ್ಕಳಾಗದ ತನಗೆ, ಈಗ ಉಳಿದಿರುವ ಒಬ್ಬಳೇ ಒಬ್ಬಳು, ಭಾನುವಾರ ಚರ್ಚು ಮುಗಿದ ಮೇಲೆ ಊಟಕ್ಕೆ ಕರೆಯುವವಳು, ಬರದಿದ್ದರೆ ಬೈಯುವವಳು. ಲೊವೆಲ್ ನಗುವುದಿಲ್ಲ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು, ಎಲ್ಲವನ್ನೂ ಪಾಠ ಮಾಡಿಯೇ ತೀರಬೇಕು, ನೋಡಿ ವರ್ನಾ, ಷಿಕಾಗೋದ ಆ ದೊಡ್ಡ ಅಂಗಡಿ ಒಂದು ಬೋಲ್ಟನ್ನೂ ಮಾಡಿದ್ದಲ್ಲ, ಬೇರೆ ಫ್ಯಾಕ್ಟರಿಯೋರ ಹತ್ರ ಮಾಡಿಸೋದು, ಮೇಲೆ ತನ್ನ ಹೆಸರು ಅಂಟಿಸೋದು, ಮೆಡೊ ಡ್ಯೂಕ್ ಅಂತ, ಫ್ಯಾಕ್ಟರಿ ಹೆಸರು ಎಲ್ಲೂ ಇಲ್ಲ, ಅದನ್ನ ಹುಡುಕೋದೇ ನನ್ನ ಪುಸ್ತಕ, ಎಲ್ಲಾ ಸಿಕ್ಕಿದೆ, ಅರವತ್ತೊಂಬತ್ತರ ಈ ನಾನೂರು ಟ್ರ್ಯಾಕ್ಟರು ಬಿಟ್ಟು. ಈ ನಾನೂರು. ಬಸಿರು ಒಬ್ಬರದು ಹೆಸರು ಇನ್ನೊಬ್ಬರದು ಅಂತ ಆಗ ಫ್ಯಾಕ್ಟರಿಯಲ್ಲಿ ಮೇಜಿನ ಆಚೆಯ ಹೆಂಗಸು ಅನ್ನುತ್ತಿದ್ದಳು, ಯಾರು, ಹೆಸರು ಮರೆತಿದೆ, ಸೋಮವಾರ ಕೆಂಪು ಬಣ್ಣ, ಮೆಡೊ ಡ್ಯೂಕ್, ಬುಧವಾರ ಅದೇ ಬಾನೆಟ್ಟಿಗೆ ಹಸಿರು, ಇನ್ನೊಂದು ಅಂಗಡಿಯ ಹೆಸರು, ಬೇಸಿನ್ನಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಸ್ಟಿಕ್ಕರ್ ಕಾಗದದಿಂದ ಜಾರಿ ಬೆರಳಿಗೆ ಬರುವ ಆ ಗಳಿಗೆ, ಮೀನಿನ ಪೊರೆಯ ಹಾಗೆ, ಅದನ್ನು ಹರಿಯದೆ ತಗಡಿನ ಮೇಲೆ ಜಾರಿಸಿ ಹೆಬ್ಬೆರಳಲ್ಲಿ ಒತ್ತಬೇಕು.

ಹೆಬ್ಬೆರಳು. ಅದನ್ನು ಜೇಬಿಗೆ ಹಾಕಿಕೊಂಡಳು, ಯಾಕೆ ಹಾಕಿಕೊಂಡೆ, ಯಾರು ನೋಡುತ್ತಾರೆ ಅರವತ್ತು ದಾಟಿದ ಹೆಂಗಸಿನ ಹೆಬ್ಬೆರಳನ್ನು — ನಿನ್ನಷ್ಟು ಅಲುಗದೆ ನಿಂತ ಕೈ ಇಡೀ ಫ್ಯಾಕ್ಟರಿಯಲ್ಲಿಲ್ಲ ಕಣಮ್ಮಾ, ಮೇಸ್ತ್ರಿ ಮನೆಬಾಗಿಲಿಗೇ ಬಂದು ಹೇಳಿದ್ದ, ಅರವತ್ತೊಂಬತ್ತರ ಫೆಬ್ರವರಿ, ಮುಷ್ಕರ ಶುರುವಾಗಿ ಮೂರು ವಾರ, ಒಳಗೆ ಅಪ್ಪ ಕೆಮ್ಮುತ್ತಿದ್ದಾನೆ, ಅಪ್ಪನಿಗಾಗಿ ಹೋದೆ ಅಂತ ಎಷ್ಟು ವರ್ಷ ತನಗೆ ತಾನೇ ಹೇಳಿಕೊಂಡಳು, ಸುಳ್ಳು, ಪೂರ್ತಿ ಸುಳ್ಳಲ್ಲ, ಆದರೆ ಇಪ್ಪತ್ತು ವರ್ಷದವಳಿಗೆ ಅಲ್ಲಿಯವರೆಗೆ ಯಾರೂ ಅಂಥ ಮಾತು ಹೇಳಿರಲಿಲ್ಲ, ನಿಂತ ಕೈ, ಆ ಎರಡು ಮಾತಿಗೆ ಹೋದಳು. ಬ್ರೆಡ್ಡಿನ ವ್ಯಾನಿನಲ್ಲಿ, ಐದು ಜನ ಹೆಂಗಸರು ಟ್ರೇಗಳ ನಡುವೆ ಮಲಗಿಕೊಂಡು, ಒಬ್ಬಳ ಮೊಣಕಾಲು ಇನ್ನೊಬ್ಬಳ ಬೆನ್ನಿಗೆ, ಗೇಟಿನಲ್ಲಿ ಎಣ್ಣೆಡ್ರಮ್ಮಿನೊಳಗೆ ಬೆಂಕಿ ಹಾಕಿಕೊಂಡು ನಿಂತ ಮುಷ್ಕರದ ಗಂಡಸರು ವ್ಯಾನನ್ನು ತಡೆಯುತ್ತಿರಲಿಲ್ಲ, ಡ್ರೈವರು ದಿನಾ ನಿನ್ನೆಯ ಡೋನಟ್ ಕೊಡುತ್ತಿದ್ದನಲ್ಲ, ಒಬ್ಬ ಬಂದು ಗೇಟು ತೆಗೆಯುತ್ತಿದ್ದ, ಇವತ್ತು ಜ್ಯಾಮ್ ಇರೋದು ಕೊಡಯ್ಯಾ, ನಿನ್ನೆದು ಟೈರ್ ಥರ ಇತ್ತು, ಅಂತ ನಗುತ್ತಿದ್ದ, ಮೂಗಿನಿಂದ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ ನಗು, ತಗಡಿನ ಆಚೆಗೆ, ಒಂದು ಗೇಣು ದೂರ. ಎರಡು ವರ್ಷದ ಮೇಲೆ ಮದುವೆಮನೆಯೊಂದರ ಕುಣಿತದಲ್ಲಿ ಬೆನ್ನ ಹಿಂದೆ ಅದೇ ನಗು ಕೇಳಿ ತಿರುಗಿದಳು, ನಾನು ಮೆರ್ಲ್ ಅಂದ, ಕುಣೀತೀಯಾ ಅಂದ. ಆಗಲೇ ಹೇಳಬೇಕಿತ್ತು. ಹೇಳುವುದೇನನ್ನು, ನೀನು ಗೇಟು ತೆಗೆದೆ, ನಾನು ಒಳಗೆ ಹೋದೆ, ಬಣ್ಣ ಒಣಗುವ ಮೊದಲೇ ಬಾನೆಟ್ಟುಗಳನ್ನು ನಮ್ಮ ಮೇಜಿಗೆ ತಳ್ಳಿದರು, ಬೇಗ ಬೇಗ ಅಂದರು, ಒತ್ತಿದರೆ ಹೆಬ್ಬೆರಳು ಬಣ್ಣದೊಳಗೇ ಇಳಿಯುತ್ತಿತ್ತು, ನಾನೂರು ಟ್ರ್ಯಾಕ್ಟರು ರೈಲು ಹತ್ತಿದವು, ಅಂಗಡಿಗೆ ಮಾಲು ಮುಟ್ಟಿದ ಮೇಲೆ ಗೇಟಿನಲ್ಲಿ ನಿಂತವರನ್ನು ಕೇಳುವವರಿರಲಿಲ್ಲ, ಮುಷ್ಕರ ಬಿತ್ತು, ಹನ್ನೊಂದು ಜನರನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಹನ್ನೊಂದನೆಯವನು ನೀನು — ಇದನ್ನು ಕುಣಿಯುತ್ತಾ ಹೇಳುವುದೇ? ಮೂವತ್ತು ವರ್ಷ ಜೋಳದ ಗೋದಾಮಿನಲ್ಲಿ ದೂಳು ಕುಡಿದ, ಆ ದೂಳೇ ಕೊನೆಗೆ ಅವನ ಎದೆಯಲ್ಲಿ ಕೂತಿತು. ಆ ನಾನೂರು ಮಾಡಿದ್ದೆಲ್ಲಾ ಒಹಾಯೊದ ಫ್ಯಾಕ್ಟರೀಲಿ, ಮುಷ್ಕರ ಮುರಿದು ನಮ್ಮೂರಲ್ಲಿ ಒಬ್ರೂ ಒಳಗೆ ಹೋಗಿಲ್ಲ, ಅಂತ ಯಾರು ಕೇಳಿದರೂ ಹೇಳುತ್ತಿದ್ದ, ಹೋದೋರಿದ್ರು ಕಣೋ ಅಂತ ವರ್ನಾ ಬಿಡುತ್ತಿರಲಿಲ್ಲ, ಆ ಹಿಂಬಾಗಿಲವರು ಯಾರು ಅಂತ ಗೊತ್ತಾಗ್ಲಿ, ಅವರ ಮನೇಲಿ ಒಂದು ಲೋಟ ನೀರೂ ಮುಟ್ಟಲ್ಲ ನಾನು, ಅನ್ನುತ್ತಾ ಕಾಫಿಯ ಲೋಟವನ್ನು ಇವಳ ಕಡೆಗೇ ಚಾಚುತ್ತಿದ್ದಳು, ಇನ್ನೊಂಚೂರು ಹಾಕೇ ಆರ್ಡಿತ್, ಇವಳು ಹಾಕುತ್ತಿದ್ದಳು, ಚೆಲ್ಲದೆ, ನಿಂತ ಕೈ.

ಡ್ರೈಯರು ನಿಂತಿತು. ದೂರದಲ್ಲಿ ಹಳೆಯ ಇಂಜಿನ್ನೊಂದು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು, ಅಪ್ಪನ ಹಾಗೆ, ಮೆರ್ಲ್‌ನ ಹಾಗೆ. ಅಂಟು ಸಡಿಲ ಆಗ್ತಿದೆ, ಲೊವೆಲ್ ಹೇಳುತ್ತಿದ್ದಾನೆ, ಮೆರ್ಲ್ ಅವರು ಇಡೀ ಗಾಡೀನ ತಗಡಿನ ತನಕ ಉಜ್ಜಿ ಹೊಸ ಬಣ್ಣ ಹೊಡೆದಿದ್ದಾರೆ, ಈ ಎಡಬದಿ ಸ್ಟಿಕ್ಕರ್ ಒಂದು ಬಿಟ್ಟಿದ್ದಾರೆ, ಫ್ಯಾಕ್ಟರಿ ಬಣ್ಣ ಉಳಿದಿರೋದು ಇದರ ಅಡಿಯಲ್ಲಿ ಮಾತ್ರ, ಅದನ್ನ ಕೆರೆದಾಗ ತಳಬಣ್ಣ ಬೂದಿ ಅಂದ್ರೆ ಒಹಾಯೊ, ಇಟ್ಟಿಗೆ ಬಣ್ಣ ಅಂದ್ರೆ ನಮ್ಮೂರದ್ದು, ಎರಡು ನಿಮಿಷದ ಕೆಲಸ, ಆಮೇಲೆ ಪುಸ್ತಕ ಅಚ್ಚಿಗೆ. ಒಂದಾದ್ರೂ ಹಳೇದು ಇರ್ಲಿ ಬಿಡು ಅಂದಿದ್ದ ಮೆರ್ಲ್, ಬಲಬದಿಗೆ ಹೊಸ ಸ್ಟಿಕ್ಕರ್ ತರಿಸಿ ಹಚ್ಚಿದವನು ಎಡಬದಿಯನ್ನು ಉಜ್ಜಲಿಲ್ಲ, ಪ್ರತಿ ಶನಿವಾರ ಮೇಣ ಹಚ್ಚುವಾಗಲೂ ಅಲ್ಲಿ ಬಟ್ಟೆ ಹಗುರಾಗುತ್ತಿತ್ತು, ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿಯೂ ಏನೂ ಅನ್ನಿಸಿರಲಿಲ್ಲ. ಆದರೆ ಒಂದು ವಿಚಿತ್ರ ಇದೆ ಆರ್ಡಿತ್, ಲೊವೆಲ್ ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಮೆರ್ಲ್‌ನ ನೋಟ್‌ಬುಕ್ ತೆರೆದ, ಇವಳು ಒಮ್ಮೆಯೂ ತೆರೆಯದ ನೋಟ್‌ಬುಕ್, ತೆರೆದರೆ ತನ್ನ ಹೆಸರಿರುತ್ತದೆಂಬ ಹೆದರಿಕೆಗೆ ಶವಸಂಸ್ಕಾರದ ಮಾರನೆಯ ದಿನವೇ ಅವನಿಗೆ ಕೊಟ್ಟುಬಿಟ್ಟದ್ದು, ನಾವೆಲ್ಲಾ ಪುರಾವೆ ಕೂಡಿಸಿ ಆಮೇಲೆ ಉತ್ತರ ಬರೀತೀವಿ, ಇವರು ಮೊದಲನೇ ಪುಟದಲ್ಲೇ ಉತ್ತರ ಬರೆದಿಟ್ಟಿದ್ದಾರೆ, ಮಾಡಿದ್ದು ಒಹಾಯೊದಲ್ಲಿ ಅಂತ, ಪುರಾವೆ ಹುಡುಕಿದ್ದೆಲ್ಲಾ ಆಮೇಲೆ, ಮೂವತ್ತೈದು ವರ್ಷ, ಅದರ ಕೆಳಗೆ ಇನ್ನೊಂದು ಸಾಲು, ಎಡಬದಿಯ ಸ್ಟಿಕ್ಕರನ್ನು ಯಾರೂ ಯಾವತ್ತೂ ತೆಗೆಯಬಾರದು, ತಾರೀಕು ಹನ್ನೆರಡು ಅಕ್ಟೋಬರ್ ಎಪ್ಪತ್ನಾಲ್ಕು, ಯಾಕಿರಬಹುದು ಹೇಳಿ.

ಹನ್ನೆರಡು ಅಕ್ಟೋಬರ್. ರೈತನೊಬ್ಬನ ಮನೆಯ ಹರಾಜಿನಿಂದ ಟ್ರ್ಯಾಕ್ಟರು ತಂದ ದಿನ, ಕತ್ತಲಾಗುವ ತನಕ ಕೊಟ್ಟಿಗೆಯಲ್ಲಿ ಅದನ್ನು ಒರೆಸುತ್ತಲೇ ಇದ್ದ, ಊಟಕ್ಕೆ ಮೂರು ಸಲ ಕರೆದಳು, ಬಂದವನು ಉಣ್ಣಲಿಲ್ಲ, ಪಾತ್ರೆ ತೊಳೆಯುತ್ತಿದ್ದವಳ ಒದ್ದೆ ಕೈ ಹಿಡಿದು ದೀಪದ ಕಡೆ ತಿರುಗಿಸಿದ, ಇದೇನೇ ಇದು, ಹೆಬ್ಬೆರಳಲ್ಲಿ ಅಡ್ಡ ಗೀರು? ಚಿಕ್ಕವಳಿದ್ದಾಗ ಪೀಚ್ ಡಬ್ಬಿ ಮುಚ್ಚಳ ಕೊಯ್ದದ್ದು, ಮದುವೆಯಾಗಿ ಮೂರು ವರ್ಷ ಆಯ್ತು, ಈಗ ಕಣ್ಣಿಗೆ ಬಿತ್ತಾ, ಅಂತ ನಕ್ಕಳು, ಅವನು ನಗಲಿಲ್ಲ, ತಕ್ಷಣ ಕೈ ಬಿಡಲೂ ಇಲ್ಲ, ಕೊನೆಗೆ ಬಟ್ಟೆ ತಗೊಂಡು ಒಂದೊಂದೇ ತಟ್ಟೆ ಒರೆಸಿ ಇಟ್ಟ, ಆಮೇಲೆ ಇನ್ನೆಂದೂ ಕೇಳಲಿಲ್ಲ — ಕೇಳಲಿಲ್ಲ, ಒಹಾಯೊ ಅಂದ, ಒಹಾಯೊ ಅನ್ನುತ್ತಲೇ ಇದ್ದ, ಅಕ್ಕನಿಗೆ, ಲೊವೆಲ್‌ಗೆ, ಊರಿಗೆ, ರಜೆಯಲ್ಲಿ ಆ ಒಹಾಯೊಗೇ ಹೋಗಿ ಬೋಲ್ಟು ಅಳೆದು ಬಂದ, ಒಂದೇ ಮಂಚದಲ್ಲಿ ಅವನೊಂದು ಕಡೆ ತಿರುಗಿ ಸುಮ್ಮನಿದ್ದ, ಇವಳೊಂದು ಕಡೆ ತಿರುಗಿ ಸುಮ್ಮನಿದ್ದಳು, ಇಬ್ಬರೂ ಮುಚ್ಚಿಟ್ಟದ್ದು ಅದನ್ನೇ. ಲೊವೆಲ್‌ನ ಉಗುರು ಸ್ಟಿಕ್ಕರಿನ ತುದಿಗೆ ಹೋಗಿದೆ. ಕೈ ತೆಗಿ, ಅಂದಳು. ಜೇಬಿನಿಂದ ಹೆಬ್ಬೆರಳು ಬಂತು, ಅಕ್ಷರಗಳ ಕೊನೆಯಲ್ಲಿ, ಹುಡುಕಬೇಕಾಗಲಿಲ್ಲ, ಅಲ್ಲೇ ಇತ್ತು, ಬೆಚ್ಚಗೆ, ಸಣ್ಣ ತಗ್ಗು, ಇಪ್ಪತ್ತು ವರ್ಷದವಳ ಬೆರಳಿನಷ್ಟು ಸಣ್ಣದು, ಈಗಿನ ಬಾತ ಗಂಟಿನ ಬೆರಳು ಅದರಲ್ಲಿ ಕೂರುವುದಿಲ್ಲ, ಆದರೆ ನಡುವೆ ಅಡ್ಡ ಏಣು, ಬೆರಳಿನ ಗೀರು ಅದರ ಮೇಲೆ ನೆಟ್ಟಗೆ ಬಂದು ಕೂತಿತು. ಇಲ್ಲೇ ಮಾಡಿದ್ದು ಲೊವೆಲ್, ಬರ್ಕೋ, ನಮ್ಮೂರಲ್ಲೇ, ನಾನೇ ಅಂಟಿಸಿದ್ದು ಇದನ್ನ. ಲೊವೆಲ್ ಪೆನ್ನಿಗಾಗಿ ಜೇಬು ತಡಕಿದ. ಹಿಂದೆ ವರ್ನಾಳ ಕುರ್ಚಿ ಕಿರುಗುಟ್ಟಿತು, ಏನಂದೆ, ಆರ್ಡಿತ್, ಏನಂದೆ ನೀನು, ಡಬ್ಬಿಯ ಮುಚ್ಚಳ ಹುಲ್ಲಿನ ಮೇಲೆ ಬಿತ್ತು, ತಿರುಗಬೇಕು, ತಿರುಗಿ ಅವಳ ಮುಖ ನೋಡಬೇಕು, ನೋಡುತ್ತೇನೆ, ಈಗ, ಇನ್ನೊಂದು ಗಳಿಗೆ, ಬೆರಳಿನ ಕೆಳಗೆ ಸಣ್ಣ ತಗ್ಗು, ನಡುವೆ ಏಣು, ಮೇಲೆ ಮೇಣದ ನುಣುಪು, ಎಷ್ಟು ಶನಿವಾರಗಳ ಮೇಣ, ಬಟ್ಟೆ ಹಗುರಾಗುತ್ತಿದ್ದ ಜಾಗ, ಸಣ್ಣ ತಗ್ಗು, ನಡುವೆ ಗೀರು