ಬಿಚ್ಚೋದು, ಕೆಡವೋದು

ಶಹಾಬಾದದ ನಮ್ಮ ಹೆಣ್ಣುಮಕ್ಕಳ ಶಾಲೆ ನಿಜಾಮರ ಕಾಲದ್ದು. ನೆಲ, ಗೋಡೆ, ತಲೆ ಮೇಲಿನ ಮಾಳಿಗೆ ಎಲ್ಲವೂ ಈ ಊರಿನದೇ ಪರ್ಸಿ ಕಲ್ಲಿನ ಚಪ್ಪಡಿ. ಈ ಮಳೆಗಾಲದಲ್ಲಿ ಎಂಟನೇ ತರಗತಿಯ ಮಾಳಿಗೆಯಿಂದ ಒಂದು ಕಲ್ಲು ಬಿತ್ತು. ಭಾನುವಾರವಾದ್ದರಿಂದ ಮಕ್ಕಳು ಬದುಕಿದರು. ಮುಖ್ಯೋಪಾಧ್ಯಾಯಿನಿಯಾದ ನನಗೆ ಅಂದಿನಿಂದ ನೆಟ್ಟಗೆ ಅನ್ನ ಇಳಿದಿಲ್ಲ.

ಕಟ್ಟಡ ಕೆಡವಬಹುದೇ ಎಂದು ತೀರ್ಮಾನಿಸಲು ಎಂಜಿನಿಯರ್ ಸಾಹೇಬರು ಬಂದರು. ಮೈಸೂರು ಕಡೆಯವರು, ನಮ್ಮ ಕಡೆಗೆ ಹೊಸಬರು. ಕೆಡವಿದರೆ ಹೊಸದು ಕಟ್ಟುವುದಿಲ್ಲ, ಮಕ್ಕಳನ್ನು ರೈಲು ಹಳಿಯಾಚೆಯ ಶಾಲೆಗೆ ಸೇರಿಸುತ್ತೇವೆ ಎಂದು ಸಭೆಗೆ ಮುಂಚೆ ನನ್ನ ಕಿವಿಗೆ ಹಾಕಿದರು. ನನಗೆ ನಾಹಿದಳ ಮುಖ ಕಣ್ಣ ಮುಂದೆ ಬಂತು. ಎಂಟನೇ ತರಗತಿಯಲ್ಲಿ ಅವಳಷ್ಟು ಚುರುಕು ಇನ್ನೊಬ್ಬಳಿಲ್ಲ. "ಹಳಿ ದಾಟಿ ಹೋಗೋದಾದ್ರ ಸಾಲಿ ಸಾಕ್ರಿ," ಎಂದು ಕಲ್ಲು ಕೊರೆಯುವ ಅವಳಪ್ಪ ಮಶಾಕ ಮೊದಲೇ ಹೇಳಿಬಿಟ್ಟಿದ್ದ.

ತಂದೆತಾಯಂದಿರೆಲ್ಲ ಅಂಗಳದಲ್ಲಿ ಕೂತರು.

"ಗೋಡೆ ನಂಬೋ ಹಾಗಿಲ್ಲ. ಏನು ಮಾಡೋಣ?" ಸಾಹೇಬರು ಕೇಳಿದರು.

"ಬಿಚ್ಚ್ರಿ ಸಾಹೇಬ್ರ," ಎಂದ ಮಶಾಕ.

"ಹೌದ್ರಿ, ಬಿಚ್ಚೋದೇ ಛಲೋ," ಎಂದರು ಎಲ್ಲರೂ.

"ಸರಿ, ಕೆಡವೋದಕ್ಕೆ ಎಲ್ಲರ ಒಪ್ಪಿಗೆ ಇದೆ," ಎಂದು ಸಾಹೇಬರು ಎದ್ದೇಬಿಟ್ಟರು.

ಸಾಹೇಬರದೂ ಇವರದೂ ಕನ್ನಡವೇ, ಅರ್ಥ ಮಾತ್ರ ಬೇರೆ, ಯಾರಿಗೆ ಹೇಳಲಿ!

"ಕುಂದ್ರಿ ಸಾಹೇಬ್ರ," ಎಂದೆ. "ಮಶಾಕಭಾಯಿ, ಹೋದ ವರ್ಷ ನಿಮ್ಮ ಮನಿ ಬಿಚ್ಚಿದ್ರಲ್ಲ, ಕಲ್ಲು ಏನ್ ಮಾಡಿದ್ರಿ?"

"ಅವೇ ಕಲ್ಲು ಹಚ್ಚಿ ಅಲ್ಲೇ ಕಟ್ಟೀನ್ರಿ ಬಾಯಾರ. ಬಿಚ್ಚೋದು ಮತ್ತ್ಯಾಕ?"

"ಇವರು ಬಿಚ್ಚಂಗಿಲ್ಲ, ಕೆಡವತಾರ. ತಿರುಗಿ ಕಟ್ಟೋದಿಲ್ಲ."

"ಏನ್ ಹೇಳಾಕತ್ತೀರಿ!" ಮಶಾಕ ಎದ್ದು ನಿಂತ. "ಹಂಗಾದ್ರ ನಂದು ಒಪ್ಪಿಗಿ ಇಲ್ರಿ." ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

"ನಾಳೆ ಮಗುವಿನ ತಲೆ ಮೇಲೆ ಕಲ್ಲು ಬಿದ್ದರೆ?" ಸಾಹೇಬರು ನನ್ನನ್ನೇ ಕೇಳಿದರು. ತಪ್ಪು ಪ್ರಶ್ನೆಯೇನಲ್ಲ. ನನಗೂ ಅದೇ ಭಯ.

"ಒಂದು ಕೂಸನ್ನೂ ಒಳಗ ಬಿಡಂಗಿಲ್ಲ. ಬೇವಿನ ಗಿಡದ ಕೆಳಗ ಕಲಸ್ತೀನಿ. ಆದ್ರ ಕೆಡವಾಕ ಬಿಡಂಗಿಲ್ಲ. ಬಿಚ್ಚಿ ಇಲ್ಲೇ ಕಟ್ಟ್ರಿ."

ಸಾಹೇಬರು ಎದ್ದು ನಿಂತವರನ್ನೆಲ್ಲ ನೋಡಿ ಕಡತ ತೆರೆದರು. "ಕೆಡವೋ ಹಾಗಿಲ್ಲ, ಬಿಚ್ಚಿ ಕಟ್ಟಬೇಕು ಅಂತಲೇ ಬರೀತೀನಿ. ಮೇಲಿನವರು ಯಾವಾಗ ಕಟ್ಟುತ್ತಾರೋ, ಅದು ನನ್ನ ಕೈಯಲ್ಲಿಲ್ಲ ಮೇಡಂ."

ಮರುದಿನ ಬೆಳಿಗ್ಗೆ ಮಶಾಕ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಹಿಂದೆ ಚೀಲ ಅಪ್ಪಿಕೊಂಡು ನಾಹಿದ.

"ಬಿಚ್ಚಿದ ಮ್ಯಾಲ ಕಟ್ಟಲಿಲ್ಲಂದ್ರ, ಬಾಯಾರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಭಾಯಿ," ಎಂದೆ.

ಅವನು ಎಂಟನೇ ತರಗತಿಯೊಳಗೆ ಹೋದ. ಮಾಳಿಗೆಯಿಂದ ಬಿದ್ದ ಕಲ್ಲಿನ ಒಂದು ಹೋಳು ಇನ್ನೂ ಅಲ್ಲೇ ಇತ್ತು. ಅದನ್ನು ಹೊತ್ತು ತಂದು ಬೇವಿನ ಕೆಳಗೆ ಹಾಸಿದ, ಅಲುಗಾಡದಂತೆ ಮಣ್ಣು ತುಂಬಿದ, ಅಂಗೈಯಿಂದ ಧೂಳು ಒರೆಸಿದ.

"ಕುಂದ್ರು," ಎಂದ ಮಗಳಿಗೆ.