ಹೆಗಲ ಮೇಲಿನ ಟವೆಲ್

ಮರಳವಾಡಿ ಸರ್ಕಲ್ಲಿನಲ್ಲಿ ನಮ್ಮ ಯಜಮಾನರ ಪ್ರತಿಮೆ ಅನಾವರಣ. ಪ್ರತಿಮೆ ಕಮಿಟಿಯ ಪ್ರಭುಲಿಂಗ ನನಗೆ ಕಾರು ಕಳಿಸಿದ್ದ. ಅವನ ತಂದೆ ಚನ್ನಲಿಂಗಪ್ಪನವರ ಕಲ್ಲು ಕ್ವಾರಿಯಲ್ಲೇ ನಮ್ಮವರು, ಕೆಂಚಯ್ಯನವರು, ಕೂಲಿಯವರನ್ನು ಕಟ್ಟಿಕೊಂಡು ಮುಷ್ಕರ ಮಾಡಿ ಜೈಲಿಗೆ ಹೋಗಿದ್ದು. ಈಗ ಅದೇ ಕ್ವಾರಿಯ ಕಲ್ಲಿನಲ್ಲಿ ಅವರನ್ನು ಕಡೆಸಿದ್ದಾರೆ. ಪ್ರಭುಲಿಂಗ ಕೆಟ್ಟವನಲ್ಲ. ನನ್ನ ಮಂಡಿನೋವು ನೆನಪಿಟ್ಟುಕೊಂಡು ಕುರ್ಚಿಯನ್ನು ನೆರಳಿಗೆ ಹಾಕಿಸಿದ್ದ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಅವನ ತಂದೆಯೂ ಇದ್ದರು.

ಭಾಷಣಗಳಲ್ಲಿ ನಮ್ಮವರು ಸಾಧುವಾದರು, ಅಜಾತಶತ್ರುವಾದರು, ಯಾರಿಗೂ ಎದುರಾಡದವರಾದರು. ಮುಷ್ಕರದ ಮಾತು ಯಾರೂ ಎತ್ತಲಿಲ್ಲ. ಕೇಳಿಸಿಕೊಂಡು ಕೂತಿದ್ದು, ಕರೆದಾಗ ಎದ್ದು ಪರದೆ ಎಳೆದೆ.

ಕೈ ಮುಗಿದು, ತಲೆ ಕೊಂಚ ಬಗ್ಗಿಸಿ ನಿಂತಿದ್ದರು. ಹೆಗಲ ಮೇಲೆ ಟವೆಲ್ ಇರಲಿಲ್ಲ.

ಆಗೆಲ್ಲ ಕ್ವಾರಿಗೆ ಸಾಹುಕಾರರು ಬಂದರೆ ಕೂಲಿಯವರು ಹೆಗಲ ಟವೆಲ್ ತೆಗೆದು ಕಂಕುಳಿಗೆ ಇಟ್ಟುಕೊಳ್ಳಬೇಕಿತ್ತು. ಮೊದಲು ತೆಗೆಯದೆ ನಿಂತವರು ನಮ್ಮವರು. ಅದಕ್ಕೇ ಕೆಲಸ ಹೋಯಿತು, ಅಲ್ಲಿಂದಲೇ ಮುಷ್ಕರ ಹತ್ತಿಕೊಂಡಿತು.

ಪಕ್ಕದಲ್ಲಿದ್ದ ಶಿಲ್ಪಿ ಮುನೇಶನನ್ನು ಕೇಳಿದೆ. ಟವೆಲ್ ಕಡೆದಿದ್ದೆ, ಆಮೇಲೆ ಕಮಿಟಿಯವರು ಹೇಳಿ ಕೆತ್ತಿ ತೆಗೆಸಿದರು ಎಂದ. ನನ್ನ ಮುಖ ನೋಡಲಿಲ್ಲ.

ಹಾರ ಹಾಕಲು ಏಣಿ ಇಟ್ಟಿದ್ದರು. ನನ್ನ ಕೈಗೆ ಕೊಟ್ಟ ಹಾರವನ್ನು ಕುರ್ಚಿಯ ಮೇಲಿಟ್ಟು ಶರೀಫಣ್ಣನ ಕಡೆ ನೋಡಿದೆ. ನಮ್ಮವರ ಜೊತೆ ಜೈಲಿನಲ್ಲಿದ್ದವರು. ಏನೂ ಕೇಳದೆ ತಮ್ಮ ಹೆಗಲ ಟವೆಲ್ ಕೊಡವಿ, ಮಡಿಸಿ ನನ್ನ ಕೈಗಿಟ್ಟರು.

ಹತ್ತುವಾಗ ಏಣಿ ಅಲುಗಿತು. ಪ್ರಭುಲಿಂಗನೇ ಓಡಿ ಬಂದು ಹಿಡಿದುಕೊಂಡ.

“ಬ್ಯಾಡಿ ಅಮ್ಮಾ. ನಮ್ಮಪ್ಪ ಎದುರ್ಗೇ ಕುಂತವ್ರೆ,” ಎಂದ ಮೆಲ್ಲಗೆ.

“ಜೀವ ಇದ್ದಾಗ್ಲೇ ನಿಮ್ಮಪ್ಪನ ಮುಂದೆ ಅವ್ರು ಟವೆಲ್ ತೆಗೀನಿಲ್ಲ ಕಣಪ್ಪ. ಕಲ್ಲಾದ್ಮೇಲೆ ತೆಗೀತಾರಾ?”

ಕೆತ್ತಿ ತೆಗೆದ ಹೆಗಲು ಕೈಗೆ ಒರಟಾಗಿ ಸಿಕ್ಕಿತು. ಅದರ ಮೇಲೆ ಟವೆಲ್ ಹಾಸಿ, ಗಾಳಿಗೆ ಹಾರದಂತೆ ತುದಿಯನ್ನು ಎದೆಗೂ ಮುಗಿದ ಕೈಗಳಿಗೂ ನಡುವಿನ ಸಂದಿಗೆ ಸಿಕ್ಕಿಸಿದೆ. ಹಿಂದಿನ ಸಾಲುಗಳಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಚನ್ನಲಿಂಗಪ್ಪನವರು ನೆಲ ನೋಡುತ್ತಿದ್ದರು.

“ಸಂಜೆ ತೆಗೆಸ್ಬೇಕಾಯ್ತದೆ ಅಮ್ಮಾ.”

“ತೆಗೆಸು. ಬೆಳಿಗ್ಗೆ ಇನ್ನೊಂದು ತತ್ತೀನಿ.”

ನಾನು ಇಳಿದು ಚಪ್ಪಲಿ ಮೆಟ್ಟುವವರೆಗೂ ಅವನು ಏಣಿ ಬಿಡಲಿಲ್ಲ.

ವಾಪಸು ಹೋಗಲು ಕಾರು ಬೇಡವೆಂದೆ. ಶರೀಫಣ್ಣ ಬರಿ ಹೆಗಲಲ್ಲೇ ನನ್ನ ಜೊತೆ ನಿಧಾನವಾಗಿ ನಡೆದರು. ದಾರಿಯ ಬಟ್ಟೆ ಅಂಗಡಿಯಲ್ಲಿ ಎರಡು ಟವೆಲ್ ತೆಗೆದುಕೊಂಡೆ. ಒಂದು ಅವರಿಗೆ, ಒಂದು ಬೆಳಿಗ್ಗೆಗೆ.